ಬೋಧಕ ಜೋಸೆಫ್ ಪ್ರೀಸ್ಟ್ಲಿಯ ಜೀವನ ಚರಿತ್ರೆ

ನಮ್ಮ ಪಾಠಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳು ಪ್ರಕೃತಿವಿಜ್ಞಾನದ ಪಾಠದಲ್ಲಿ ಜೋಸೆಫ್ ಪ್ರೀಸ್ಟ್ಲಿಯ ಹೆಸರನ್ನು ಒಂದು ಸಾರಿಯಾದರೂ ಕೇಳಿಯೇ ಇರುವರು. ಆಮ್ಲಜನಕವನ್ನು ಕಂಡುಹಿಡಿದವನು ಎಂದು ಒಂದು ಪಂಕ್ತಿಯಲ್ಲಿ ಬರೆದು, ಪರೀಕ್ಷೆಯಲ್ಲಿ ಒಂದು ಅಂಕವನ್ನು ಪಡೆದು, ಬಳಿಕ ಅವನನ್ನು ಮರೆತಿರುವುದೂ ಸಹಜವೇ. ಆದರೆ ಅವನು ವೃತ್ತಿಯಿಂದ ರಸಾಯನಶಾಸ್ತ್ರಜ್ಞನಾಗಿರಲಿಲ್ಲ; ಸಭೆಯ ಬೋಧಕನೂ ಮಕ್ಕಳ ಉಪಾಧ್ಯಾಯನೂ ಆಗಿದ್ದನು. ಸಭೆಯನ್ನೂ ಅರಸನನ್ನೂ ಕಾಪಾಡುವೆವೆಂದು ಕೂಗಿದ ಜನರೇ ಅವನ ಮನೆಗೆ ಬೆಂಕಿಯಿಟ್ಟರು. ಇಂಥವನ ಜೀವಿತವನ್ನು ಕ್ರೈಸ್ತ ಪಾಠಶಾಲೆಯ ಸ್ಮರಣ ಸಂಚಿಕೆಯಲ್ಲಿ ಬರೆಯುವುದು ಯುಕ್ತವೇ ಎಂದು ಕೆಲವರು ಕೇಳಬಹುದು. ಯುಕ್ತವೆಂಬುದೇ ನಮ್ಮ ಅಭಿಪ್ರಾಯ. ಅದರ ಕಾರಣವು ಅವನ ಚರಿತ್ರೆಯಿಂದಲೇ ತಿಳಿಯುವುದು.

ಪ್ರೀಸ್ಟ್ಲಿಯು ೧೭೩೩ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಇಂಗ್ಲೆಂಡು ದೇಶದ ಯಾರ್ಕ್‌ಷೈರ್ ಸೀಮೆಯಲ್ಲಿ, ಲೀಡ್ಸ್ ಪಟ್ಟಣಕ್ಕೆ ಸಮೀಪವಾದ ಬರ್ಸ್ಟಲ್ ಎಂಬ ಗ್ರಾಮದಲ್ಲಿ ಹುಟ್ಟಿದನು. ತಂದೆಯು ನೆಯ್ದ ಉಣ್ಣೆಯ ಬಟ್ಟೆಯನ್ನು ಹದಗೊಳಿಸುವ ಕಸುಬಿನವನು. ಆರು ಮಂದಿ ಮಕ್ಕಳಲ್ಲಿ ಜೋಸೆಫನೇ ಹಿರಿಯವನು. ಅವನಿಗೆ ಇನ್ನೂ ಏಳು ವರ್ಷ ತುಂಬುವುದರೊಳಗೆ ತಾಯಿ ತೀರಿಕೊಂಡಳು. ಅನಂತರ ಅವನ ಸೋದರತ್ತೆಯು ಅವನನ್ನು ತನ್ನ ಮನೆಗೆ ಕರೆದುಕೊಂಡುಹೋಗಿ, ಸ್ವಂತ ಮಗನಂತೆಯೇ ಸಾಕಿದಳು. ಆಕೆಯು ಬಹಳ ಭಕ್ತಿವಂತಳು. ಆದರೆ ಸಂಕುಚಿತ ಮನಸ್ಸಿನವಳಲ್ಲ. ತನ್ನ ಮತಕ್ಕೆ ಒಪ್ಪದ ಬೋಧಕರನ್ನೂ ಸಜ್ಜನರಾಗಿದ್ದರೆ ಮನೆಗೆ ಕರೆದು ಊಟಕ್ಕೆ ಕೂರಿಸುತ್ತಿದ್ದಳು. ಆ ಪಂಕ್ತಿಯಲ್ಲಿ ಕುಳಿತು ಅವರ ವಾದವಿವಾದಗಳನ್ನು ಕೇಳುತ್ತ ಬೆಳೆದ ಹುಡುಗನಿಗೆ, ಭಿನ್ನಾಭಿಪ್ರಾಯವುಳ್ಳವರು ಒಂದೇ ರೊಟ್ಟಿಯನ್ನು ಮುರಿದು ತಿನ್ನಬಹುದೆಂಬ ಪಾಠವು ಬಾಲ್ಯದಲ್ಲಿಯೇ ಮನಸ್ಸಿಗೆ ಹತ್ತಿತು.

ಹುಡುಗನ ದೇಹವು ಬಲಹೀನವಾಗಿದ್ದಿತು. ಕ್ಷಯರೋಗವಿರಬಹುದೆಂಬ ಭಯದಿಂದ ಶಾಲೆಯನ್ನು ಬಿಡಿಸಿದರು. ಆದರೂ ಅವನು ಲತೀನು, ಗ್ರೀಕು, ಹೀಬ್ರೂ ಭಾಷೆಗಳಲ್ಲದೆ ಫ್ರೆಂಚು, ಇಟಲಿ, ಜರ್ಮನ್ ಭಾಷೆಗಳನ್ನೂ ಬಹುಮಟ್ಟಿಗೆ ತಾನಾಗಿಯೇ ಕಲಿತುಕೊಂಡನು. ಅರಬ್ಬಿಯನ್ನೂ ಸುರಿಯಾನಿಯನ್ನೂ ಸಹ ಸ್ವಲ್ಪ ಅಭ್ಯಾಸಮಾಡಿದನು. ಇದಲ್ಲದೆ ಅವನಿಗೆ ಉಗ್ಗು ಇದ್ದಿತು. ಬೋಧಕನಾಗಬೇಕೆಂಬ ಹುಡುಗನಿಗೆ ಇದಕ್ಕಿಂತ ದೊಡ್ಡ ಅಡ್ಡಿಯುಂಟೇ? ಆದರೆ ಅವನ ಹಾದಿಗೆ ಮೊದಲು ಅಡ್ಡಬಂದುದು ನಾಲಗೆಯಲ್ಲ, ಮನಸ್ಸಾಕ್ಷಿ. ಕರ್ತನ ಭೋಜನಕ್ಕೆ ಸೇರಬೇಕೆಂದು ಅವನು ಕೇಳಿಕೊಂಡಾಗ, ಆದಾಮನ ಪಾಪಕ್ಕೆ ಸಕಲ ಮನುಷ್ಯರೂ ಶಿಕ್ಷಾರ್ಹರೆಂಬುದನ್ನು ತಾನು ಪೂರ್ಣ ಮನಸ್ಸಿನಿಂದ ಒಪ್ಪಲಾರೆನೆಂದು ಸಭೆಯ ಹಿರಿಯರ ಮುಂದೆ ಮರೆಮಾಚದೆ ಹೇಳಿದನು. ಹಿರಿಯರು ಅವನನ್ನು ಸೇರಿಸಿಕೊಳ್ಳಲಿಲ್ಲ. ಒಪ್ಪಿದೆನೆಂದು ಬಾಯಲ್ಲಿ ಹೇಳಿದ್ದರೆ ಎಲ್ಲವೂ ಸುಸೂತ್ರವಾಗುತ್ತಿದ್ದಿತು. ಅದನ್ನು ಅವನು ಹೇಳಲಿಲ್ಲ.

ಆ ಕಾಲದಲ್ಲಿ ರಾಜ್ಯದ ಸಭೆಗೆ ಸೇರದ ಕ್ರೈಸ್ತರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್ ವಿದ್ಯಾಪೀಠಗಳ ಪದವಿಗಳು ದೊರೆಯುತ್ತಿರಲಿಲ್ಲ. ಆದಕಾರಣ ಪ್ರೀಸ್ಟ್ಲಿಯು ೧೭೫೨ರಲ್ಲಿ ಡಾವೆಂಟ್ರಿ ಎಂಬ ಊರಿನ ಸಣ್ಣ ವಿದ್ಯಾಶಾಲೆಯನ್ನು ಸೇರಿದನು. ೧೭೫೫ರಲ್ಲಿ ನೀಡಂ ಮಾರ್ಕೆಟ್ ಎಂಬಲ್ಲಿ ಬೋಧಕನಾದನು. ವರ್ಷಕ್ಕೆ ೪೦ ಪೌಂಡು ಸಂಬಳವೆಂದು ಗೊತ್ತಾಗಿದ್ದರೂ ಅಷ್ಟು ಹಣವು ಎಂದೂ ಅವನ ಕೈಗೆ ಬರಲಿಲ್ಲ. ಅವನ ಉಗ್ಗನ್ನೂ ಅಭಿಪ್ರಾಯಗಳನ್ನೂ ಸಹಿಸದೆ ಕೇಳುಗರು ಒಬ್ಬೊಬ್ಬರಾಗಿ ಬಿಟ್ಟುಹೋದರು.

೧೭೫೮ರಲ್ಲಿ ನ್ಯಾಂಟ್‌ವಿಚ್ ಎಂಬ ಊರಿಗೆ ಹೋಗಿ, ಬೋಧನೆಯ ಸಂಗಡ ಒಂದು ಪಾಠಶಾಲೆಯನ್ನೂ ತೆರೆದನು. ಈ ಭಾಗವನ್ನು ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ. ಸುಮಾರು ಮೂವತ್ತು ಮಂದಿ ಬಾಲಕರಿಗೆ ಅವನು ಪಾಠ ಹೇಳುತ್ತಿದ್ದನು. ಪ್ರತ್ಯೇಕವಾದ ಒಂದು ಕೊಠಡಿಯಲ್ಲಿ ಐದಾರು ಮಂದಿ ಹೆಣ್ಣುಮಕ್ಕಳಿಗೂ ಕಲಿಸುತ್ತಿದ್ದನು. ಬೆಳಗ್ಗೆ ಏಳು ಗಂಟೆಯಿಂದ ಸಾಯಂಕಾಲ ನಾಲ್ಕು ಗಂಟೆಯ ವರೆಗೆ, ಊಟದ ಒಂದು ಗಂಟೆಯ ಹೊರತು ಬಿಡುವಿರುತ್ತಿರಲಿಲ್ಲ. ಹೀಗೆ ದುಡಿದು ಉಳಿಸಿದ ಹಣದಿಂದ ಅವನು ಕೆಲವು ಪುಸ್ತಕಗಳನ್ನೂ, ಒಂದು ವಾಯುರೇಚಕ ಯಂತ್ರವನ್ನೂ, ಒಂದು ವಿದ್ಯುದ್ಯಂತ್ರವನ್ನೂ ಕೊಂಡುಕೊಂಡನು. ಅವುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಿಲ್ಲ. ಮೇಲಿನ ತರಗತಿಯ ಮಕ್ಕಳೇ ಅವನ್ನು ಒರೆಸಿ, ಸರಿಪಡಿಸಿ, ತಮ್ಮ ತಂದೆತಾಯಿಗಳೂ ಇಷ್ಟಮಿತ್ರರೂ ಬಂದಾಗ ಪ್ರಯೋಗಗಳನ್ನು ಮಾಡಿ ತೋರಿಸುವಂತೆ ಏರ್ಪಡಿಸಿದನು. ಕಣ್ಣಿನಿಂದ ನೋಡಿ ಕೈಯಿಂದ ಮಾಡಿ ಕಲಿಯುವುದೇ ಕಲಿಯುವುದೆಂದು ತಿಳಿದ ಉಪಾಧ್ಯಾಯರು ಇಂದಿಗೂ ಎಲ್ಲೆಡೆಯಲ್ಲಿಲ್ಲ. ಅವನು ಅದನ್ನು ಇನ್ನೂರ ಅರುವತ್ತು ವರ್ಷಗಳಿಗೂ ಹಿಂದೆ ತಿಳಿದಿದ್ದನು.

೧೭೬೧ರಲ್ಲಿ ವಾರಿಂಗ್ಟನ್ ವಿದ್ಯಾಶಾಲೆಯಲ್ಲಿ ಭಾಷೆಗಳ ಅಧ್ಯಾಪಕನಾದನು. ಮರುವರ್ಷ ಮೇರಿ ವಿಲ್ಕಿನ್ಸನ್ ಎಂಬಾಕೆಯನ್ನು ವಿವಾಹವಾದನು. ಆಕೆಯು ಕಬ್ಬಿಣದ ಕಾರ್ಖಾನೆಗಳ ಒಡೆಯನಾದ ಜಾನ್ ವಿಲ್ಕಿನ್ಸನನ ತಂಗಿ. ಬುದ್ಧಿವಂತಳು, ಓದಿನಲ್ಲಿ ಆಸಕ್ತಳು. ಮನೆಯ ಲೆಕ್ಕಪತ್ರ ಆಡಳಿತಗಳೆಲ್ಲವನ್ನೂ ಆಕೆಯೇ ವಹಿಸಿಕೊಂಡುದರಿಂದ ಪತಿಗೆ ಅಧ್ಯಯನಕ್ಕೆ ಬಿಡುವು ದೊರೆಯಿತು. ಅದೇ ವಿದ್ಯಾಶಾಲೆಯ ಇನ್ನೊಬ್ಬ ಅಧ್ಯಾಪಕನ ಮಗಳು ಆ್ಯನಾ ಏಕಿನ್ ಎಂಬಾಕೆಯು ಈ ಕುಟುಂಬಕ್ಕೆ ಆಪ್ತಳಾಗಿದ್ದಳು. ಪ್ರಯೋಗಕ್ಕೆಂದು ಪ್ರೀಸ್ಟ್ಲಿಯು ಬೋನಿನಲ್ಲಿ ಹಿಡಿದಿಟ್ಟಿದ್ದ ಇಲಿಯ ಪರವಾಗಿ ಆಕೆಯು ಒಂದು ಕವಿತೆಯನ್ನು ಬರೆದು ಬಿಡುಗಡೆಯನ್ನು ಬೇಡಿದಳು. ಮುಂದೆ ಬಾರ್ಬಾಲ್ಡ್ ಎಂಬ ಹೆಸರಿನಿಂದ ಮಕ್ಕಳ ವಾಚನಪುಸ್ತಕಗಳನ್ನು ಬರೆದು ಪ್ರಸಿದ್ಧಳಾದವಳು ಈಕೆಯೇ.

ಪ್ರೀಸ್ಟ್ಲಿಯು ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಬರೆದು ೧೭೬೭ರಲ್ಲಿ ಪ್ರಕಟಿಸಿದನು. ಈ ಕಾರ್ಯದಲ್ಲಿ ಅವನಿಗೆ ಉತ್ತೇಜನ ಕೊಟ್ಟವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನು. ೧೭೭೦ರಲ್ಲಿ ಚಿತ್ರಲೇಖನವನ್ನು ಕುರಿತ ಒಂದು ಗ್ರಂಥದಲ್ಲಿ, ಸೀಸದ ಕಡ್ಡಿಯ ಗೆರೆಗಳನ್ನು ಅಳಿಸಲು ಒಂದು ಬಗೆಯ ಮರದ ಅಂಟು ಒಳ್ಳೆಯದೆಂದು ತಿಳಿಸಿದನು. ನಮ್ಮ ಹೆಣ್ಣುಮಕ್ಕಳ ಪೆಟ್ಟಿಗೆಗಳಲ್ಲಿರುವ ರಬ್ಬರು ಅದೇ.

೧೭೬೭ರಲ್ಲಿಯೇ ಅವನು ಲೀಡ್ಸ್ ಪಟ್ಟಣದ ಮಿಲ್ ಹಿಲ್ ಸಭೆಗೆ ಬೋಧಕನಾಗಿ ಬಂದನು. ವಾಸಕ್ಕೆ ದೊರೆತ ಮನೆಯ ಪಕ್ಕದಲ್ಲಿ ಬಿಯರು ತಯಾರಿಸುವ ಕಾರ್ಖಾನೆಯೊಂದಿದ್ದಿತು. ಹುಳಿಯುವ ತೊಟ್ಟಿಗಳ ಮೇಲ್ಭಾಗದಲ್ಲಿ ನಿಂತಿದ್ದ ಒಂದು ವಾಯುವಿನಲ್ಲಿ ಉರಿಯುವ ಕಡ್ಡಿಯು ನಂದಿಹೋಗುವುದನ್ನು ಅವನು ನೋಡಿದನು. ಅದು ನಾವು ಉಸಿರು ಬಿಡುವಾಗ ಹೊರಬರುವ ಇಂಗಾಲಾಮ್ಲ ವಾಯುವೇ. ಬೇರೊಬ್ಬನು ಮೂಗು ಮುಚ್ಚಿಕೊಂಡು ಮನೆಯನ್ನು ಬದಲಾಯಿಸುತ್ತಿದ್ದನು. ಪ್ರೀಸ್ಟ್ಲಿಯು ಆ ವಾಯುವನ್ನು ನೀರಿನಲ್ಲಿ ಬೆರಸುವ ಉಪಾಯವನ್ನು ಕಂಡುಹಿಡಿದು ೧೭೭೨ರಲ್ಲಿ ಪ್ರಕಟಿಸಿದನು. ನಮ್ಮ ಪೇಟೆಬೀದಿಗಳ ಸೋಡಾ ನೀರಿಗೆ ಮೂಲವು ಇದು. ಅವನು ಅದರಿಂದ ಒಂದು ಕಾಸನ್ನೂ ಸಂಪಾದಿಸಲಿಲ್ಲ.

ಇದೇ ಊರಿನಲ್ಲಿ ಅವನ ಬಾಳಿನ ಅತಿ ಮಹತ್ವದ ಪ್ರಯೋಗವು ನಡೆಯಿತು. ಮುಚ್ಚಿದ ಪಾತ್ರೆಯಲ್ಲಿ ದೀಪವು ಸ್ವಲ್ಪ ಹೊತ್ತು ಉರಿದು ಆರಿಹೋಗುವುದು. ಇಲಿಯು ಸ್ವಲ್ಪ ಹೊತ್ತು ಬದುಕಿದ್ದು ಸಾಯುವುದು. ಹಾಗಾದರೆ ಸೃಷ್ಟಿಯ ಆದಿಯಿಂದ ಲೆಕ್ಕವಿಲ್ಲದ ಬೆಂಕಿಗಳು ಉರಿದು, ಲೆಕ್ಕವಿಲ್ಲದ ಜೀವಿಗಳು ಉಸಿರಾಡಿದರೂ ಲೋಕದ ಗಾಳಿಯು ಏತಕ್ಕೆ ಕೆಟ್ಟುಹೋಗಲಿಲ್ಲ? ಇದನ್ನು ಸರಿಪಡಿಸುವ ಏರ್ಪಾಡು ಯಾವುದೋ ಇರಲೇಬೇಕೆಂದು ಬೋಧಕನು ನಂಬಿದನು. ನಂಬಿದುದನ್ನು ಪರೀಕ್ಷಿಸಿಯೂ ನೋಡಿದನು. ೧೭೭೧ನೆಯ ಇಸವಿ ಆಗಸ್ಟ್ ೧೭ರಂದು, ದೀಪವು ಉರಿದು ಆರಿಹೋಗಿದ್ದ ಗಾಳಿಯೊಳಗೆ ಒಂದು ಪುದೀನದ ಕುಡಿಯನ್ನು ಇಟ್ಟನು. ಹತ್ತು ದಿನಗಳ ಬಳಿಕ, ಆಗಸ್ಟ್ ೨೭ರಂದು, ಅದೇ ಗಾಳಿಯಲ್ಲಿ ಇನ್ನೊಂದು ದೀಪವು ಚೆನ್ನಾಗಿ ಉರಿಯಿತು. ಕೆಟ್ಟ ಗಾಳಿಯನ್ನು ಹಸುರು ಗಿಡವು ಒಳ್ಳೆಯದಾಗಿ ಮಾಡಿದ್ದಿತು! ಈ ವಾಯುಪರಿಶೋಧನೆಗಳಿಗಾಗಿ ರಾಯಲ್ ಸೊಸೈಟಿಯು ೧೭೭೩ರಲ್ಲಿ ಅವನಿಗೆ ಕೋಪ್ಲಿ ಪದಕವನ್ನಿತ್ತು ಗೌರವಿಸಿತು.

ಅದೇ ವರ್ಷ ಅವನು ಷೆಲ್ಬರ್ನ್ ಪ್ರಭುವಿನ ಪುಸ್ತಕಭಂಡಾರದ ಅಧಿಕಾರಿಯಾಗಿ ಕಾನ್ ಎಂಬ ಊರಿಗೆ ಹೋದನು. ೧೭೭೪ನೆಯ ಇಸವಿ ಆಗಸ್ಟ್ ೧ರಂದು, ಹನ್ನೆರಡು ಅಂಗುಲ ಅಗಲದ ಒಂದು ಮಸೂರದಿಂದ ಸೂರ್ಯನ ಬಿಸಿಲನ್ನು ಕೆಂಪಾದ ಪಾದರಸಭಸ್ಮದ ಮೇಲೆ ಕೇಂದ್ರೀಕರಿಸಿ, ಒಂದು ಹೊಸ ವಾಯುವನ್ನು ಹೊರಡಿಸಿದನು. ಅದರಲ್ಲಿ ದೀಪವು ಅತ್ಯಂತ ಪ್ರಕಾಶವಾಗಿ ಉರಿಯಿತು. ಮರುವರ್ಷ ಅದರೊಳಗೆ ಇಲಿಯನ್ನಿಟ್ಟಾಗ, ಸಾಮಾನ್ಯವಾದ ಗಾಳಿಯಲ್ಲಿ ಬದುಕಬಹುದಾದುದಕ್ಕಿಂತ ಬಹಳ ಹೆಚ್ಚು ಹೊತ್ತು ಬದುಕಿದ್ದಿತು. ಇದೇ ಆಮ್ಲಜನಕ. ಸ್ವೀಡನ್ ದೇಶದ ಷೀಲನು ಇದಕ್ಕೆ ಮುಂಚೆಯೇ ಈ ವಾಯುವನ್ನು ಪಡೆದಿದ್ದರೂ ಅವನ ಗ್ರಂಥವು ೧೭೭೭ರಲ್ಲಿ ಹೊರಬಂದಿತು. ಪ್ರೀಸ್ಟ್ಲಿಯು ೧೭೭೪ರ ಅಕ್ಟೋಬರಿನಲ್ಲಿ ಪ್ಯಾರಿಸಿಗೆ ಹೋಗಿದ್ದಾಗ, ಊಟದ ಮೇಜಿನ ಬಳಿ ಲವಾಸಿಯೆಗೆ ತಾನು ಕಂಡುದನ್ನೆಲ್ಲ ಮುಚ್ಚುಮರೆಯಿಲ್ಲದೆ ತಿಳಿಸಿದನು. ಲವಾಸಿಯೆಯು ಅದರ ನಿಜವಾದ ಅರ್ಥವನ್ನು ಗ್ರಹಿಸಿ, ಆಮ್ಲಜನಕವೆಂದು ಹೆಸರಿಟ್ಟು, ರಸಾಯನಶಾಸ್ತ್ರವನ್ನೇ ಹೊಸದಾಗಿ ಕಟ್ಟಿದನು. ಉರಿಯುವ ವಸ್ತುಗಳಿಂದ ಫ್ಲಾಜಿಸ್ಟನ್ ಎಂಬ ತತ್ತ್ವವೊಂದು ಹೊರಡುವುದೆಂಬ ಹಳೆಯ ಮತವನ್ನು ಇತರರೆಲ್ಲರೂ ಬಿಟ್ಟರು. ಪ್ರೀಸ್ಟ್ಲಿ ಮಾತ್ರ ಬಿಡಲಿಲ್ಲ. ೧೮೦೦ರಲ್ಲಿ ಸಹ ಅದನ್ನು ಸಮರ್ಥಿಸಿ ಒಂದು ಗ್ರಂಥವನ್ನು ಬರೆದನು. ತಾನೇ ತೆರೆದ ಬಾಗಿಲಿನೊಳಗೆ ತಾನು ಪ್ರವೇಶಿಸಲಾರದೆ ಹೋದನು.

೧೭೮೦ರಲ್ಲಿ ಬರ್ಮಿಂಗ್‌ಹ್ಯಾಮ್ ಪಟ್ಟಣದ ನ್ಯೂ ಮೀಟಿಂಗ್ ಸಭೆಗೆ ಬೋಧಕನಾದನು. ಅಲ್ಲಿ ಹುಣ್ಣಿಮೆಯ ಸಮೀಪದ ರಾತ್ರಿಗಳಲ್ಲಿ ಕೂಡುತ್ತಿದ್ದ ಚಾಂದ್ರ ಸಂಘವೆಂಬ ವಿದ್ವದ್ಗೋಷ್ಠಿಗೆ ಸೇರಿದನು. ಹಬೆಯ ಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟನೂ ಆ ಗೋಷ್ಠಿಯವನೇ. ವಾಟನ ಯಂತ್ರಗಳಿಗೆ ಉರುಳೆಗಳನ್ನು ಸರಿಯಾಗಿ ಕೊರೆದುಕೊಟ್ಟವನು ಪ್ರೀಸ್ಟ್ಲಿಯ ಹೆಂಡತಿಯ ಅಣ್ಣನಾದ ವಿಲ್ಕಿನ್ಸನನು. ಗಿಡವು ಗಾಳಿಯನ್ನು ಶುದ್ಧಿಮಾಡುವುದೆಂದು ಕಂಡವನೂ, ಕಲ್ಲಿದ್ದಲನ್ನು ಸುಟ್ಟು ಲೋಕದ ಕೆಲಸವನ್ನು ಮಾಡಿಸಿದವನೂ ಒಂದೇ ಮೇಜಿನ ಬಳಿ ಕುಳಿತಿದ್ದರು. ಆ ಎರಡು ಕಾರ್ಯಗಳ ಲೆಕ್ಕವನ್ನು ಒಂದು ದಿನ ಒಟ್ಟಿಗೆ ನೋಡಬೇಕಾಗುವುದೆಂದು ಅಂದು ಯಾರೂ ಎಣಿಸಿರಲಿಲ್ಲ.

ಈ ಮಧ್ಯೆ ಪ್ರೀಸ್ಟ್ಲಿಯು ತನ್ನ ಧಾರ್ಮಿಕ ಅಭಿಪ್ರಾಯಗಳನ್ನು ಗ್ರಂಥಗಳಲ್ಲಿ ಬಹಿರಂಗವಾಗಿ ಪ್ರಕಟಿಸಿದನು. ತ್ರಯೈಕತ್ವದ ಬೋಧನೆಯನ್ನು ಅವನು ಅಂಗೀಕರಿಸಲಿಲ್ಲ. ಈ ವಿಷಯದಲ್ಲಿ ನಾವು ಅವನ ಪಕ್ಷದವರಲ್ಲ. ನಮ್ಮ ಸಭೆಗಳು ಒಪ್ಪಿಕೊಂಡಿರುವ ವಿಶ್ವಾಸವೇ ನಮ್ಮ ವಿಶ್ವಾಸವು. ಆದರೆ ಅವನು ದೇವರನ್ನು ನಂಬದವನಲ್ಲ. ಪುನರುತ್ಥಾನದ ನಿರೀಕ್ಷೆಯಲ್ಲಿ ದೃಢನಾಗಿದ್ದು, ಸತ್ಯವೇದವನ್ನು ದಿನವೂ ಓದುತ್ತಿದ್ದವನು. ಫ್ರಾನ್ಸ್ ದೇಶದ ಕ್ರಾಂತಿಯ ಕಡೆಗೂ ಅವನಿಗೆ ಸಹಾನುಭೂತಿಯಿದ್ದಿತು. ೧೭೯೧ನೆಯ ಇಸವಿ ಜುಲೈ ೧೪ರಂದು ಆ ಕ್ರಾಂತಿಯ ವಾರ್ಷಿಕೋತ್ಸವಕ್ಕಾಗಿ ಪಟ್ಟಣದಲ್ಲಿ ಒಂದು ಔತಣವು ನಡೆಯಿತು. ಪ್ರೀಸ್ಟ್ಲಿಯು ಅದಕ್ಕೆ ಹೋಗಿರಲೇ ಇಲ್ಲ. ಆದರೂ ಗುಂಪು ಕೂಡಿದ ಜನರು ಅವನ ದೇವಾಲಯವನ್ನು ಸುಟ್ಟು, ಅವನ ಮನೆಗೆ ನುಗ್ಗಿ, ಪುಸ್ತಕಗಳನ್ನೂ, ಅನೇಕ ವರ್ಷಗಳ ಕೈಬರಹಗಳನ್ನೂ, ದೇಶದಲ್ಲಿಯೇ ಶ್ರೇಷ್ಠವಾದ ಪ್ರಯೋಗಶಾಲೆಯನ್ನೂ ಹಾಳುಮಾಡಿ ಬೆಂಕಿಯಿಟ್ಟರು. ಸ್ವಲ್ಪ ಮುಂಚೆ ತಿಳಿದುದರಿಂದ ಅವನೂ ಅವನ ಹೆಂಡತಿಯೂ ತಪ್ಪಿಸಿಕೊಂಡರು.

ಈ ಹಾನಿಯಾದ ಕೂಡಲೆ ಅವನು ಬರೆದುದು ಏನೆಂದರೆ, ಅಪಕಾರಗಳನ್ನು ಕ್ಷಮಿಸಬೇಕಾದ ಕರ್ತವ್ಯವನ್ನು ಕುರಿತ ಒಂದು ಪ್ರಸಂಗ. ಅದನ್ನು ತನ್ನ ಸಭೆಯ ಮುಂದೆ ತಾನೇ ಮಾಡಬೇಕೆಂದು ಇಚ್ಛಿಸಿದನು. ಪ್ರಾಣಾಪಾಯವಿದ್ದುದರಿಂದ ಮಿತ್ರರು ಬಿಡಲಿಲ್ಲ. ಅದು ಅಚ್ಚಾಗಿ ಹೊರಬಂದಿತು. ಸಭೆಯ ಹೆಸರಿನಲ್ಲಿ ಬೆಂಕಿಯಿಟ್ಟವರ ವಿಶ್ವಾಸವು ಬಾಯಲ್ಲಿ ಸರಿಯಾಗಿದ್ದಿತು. ಅವರು ಸುಟ್ಟ ಮನೆಯ ಒಡೆಯನು ಕರ್ತನ ಅಪ್ಪಣೆಯಂತೆ ನಡೆದನು. ಇಬ್ಬರಲ್ಲಿ ನಮ್ಮ ಮಕ್ಕಳು ಯಾರನ್ನು ಹೋಲಬೇಕೆಂಬುದನ್ನು ತಂದೆತಾಯಿಗಳು ಆಲೋಚಿಸಲಿ.

ಮತ್ತೆ ಬರ್ಮಿಂಗ್‌ಹ್ಯಾಮಿನಲ್ಲಿ ವಾಸಿಸುವುದು ಆಗಲಿಲ್ಲ. ೧೭೯೪ರಲ್ಲಿ, ಅರುವತ್ತೊಂದನೆಯ ವಯಸ್ಸಿನಲ್ಲಿ, ಅವನು ಪತ್ನಿಯೊಡನೆ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಪೆನ್ಸಿಲ್ವೇನಿಯದ ನಾರ್ತಂಬರ್ಲೆಂಡ್ ಎಂಬ ಊರಿನಲ್ಲಿ ನೆಲಸಿದನು. ಫಿಲಡೆಲ್ಫಿಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಪದವಿಯು ದೊರೆತರೂ ಒಪ್ಪಲಿಲ್ಲ. ೧೭೯೫ರಲ್ಲಿ ಕಿರಿಯ ಮಗನೂ, ಮರುವರ್ಷ ಹೆಂಡತಿಯೂ ತೀರಿಕೊಂಡರು. ಆಕೆಯೇ ಯೋಜಿಸಿ ಕಟ್ಟಿಸುತ್ತಿದ್ದ ಹೊಸ ಮನೆಯು ಆಕೆಯ ಮರಣದ ನಂತರ ೧೭೯೮ರಲ್ಲಿ ಮುಗಿಯಿತು. ೧೮೦೪ನೆಯ ಇಸವಿ ಫೆಬ್ರವರಿ ೬ರ ಬೆಳಗ್ಗೆ, ಹಾಸಿಗೆಯಲ್ಲಿ ಮಲಗಿದ್ದ ಹಾಗೆಯೇ ಒಂದು ಬರಹದ ತಿದ್ದುಪಡಿಗಳನ್ನು ಹೇಳಿ ಬರೆಯಿಸಿ, ಸರಿಯಾಗಿದೆಯೆಂದು ಕೇಳಿ ತೃಪ್ತನಾಗಿ, ಸ್ವಲ್ಪ ಹೊತ್ತಿನಲ್ಲಿ ಪ್ರಾಣಬಿಟ್ಟನು. ೧೮೭೪ರ ಆಗಸ್ಟ್ ೧ರಂದು, ಆಮ್ಲಜನಕದ ಶತಮಾನೋತ್ಸವಕ್ಕೆಂದು ಅಮೆರಿಕದ ರಸಾಯನಶಾಸ್ತ್ರಜ್ಞರು ಆ ಊರಿನಲ್ಲಿ ನೆರೆದರು. ಅದರ ಫಲವಾಗಿ ೧೮೭೬ರಲ್ಲಿ ಅವರ ದೊಡ್ಡ ಸಂಘವು ಹುಟ್ಟಿತು.

ಅವನು ಬಿಟ್ಟುಹೋದ ಪ್ರಶ್ನೆಯು ಅಲ್ಲಿಗೆ ಮುಗಿಯಲಿಲ್ಲ. ಪುದೀನದ ಪ್ರಯೋಗವು ಕೆಲವರ ಕೈಯಲ್ಲಿ ಸಿದ್ಧಿಸುತ್ತಲೂ ಕೆಲವರ ಕೈಯಲ್ಲಿ ತಪ್ಪುತ್ತಲೂ ಇದ್ದಿತು. ಹಾಲೆಂಡಿನ ವೈದ್ಯನಾದ ಇಂಗನ್‌ಹೌಸನು, ಬೆಳಕು ಬಿದ್ದಾಗ ಮಾತ್ರ, ಹಸುರಾದ ಭಾಗಗಳು ಮಾತ್ರ ಗಾಳಿಯನ್ನು ಶುದ್ಧಿಮಾಡುವುವೆಂದು ೧೭೭೯ರಲ್ಲಿ ತೋರಿಸಿದನು. ಜಿನೀವದ ಸಭಾಪಾಲಕನಾದ ಸೆನೆಬಿಯೆಯು ೧೭೮೨ರಲ್ಲಿ, ಈ ಕಾರ್ಯಕ್ಕೆ ಇಂಗಾಲಾಮ್ಲ ವಾಯುವು ಅವಶ್ಯವೆಂದು ಹೇಳಿದನು. ಅದೇ ಊರಿನ ಸೊಸ್ಯೂರನು, ಪ್ರೀಸ್ಟ್ಲಿಯು ಸತ್ತ ವರ್ಷದಲ್ಲಿಯೇ, ನೀರೂ ಗಿಡದ ಮೈಯಲ್ಲಿ ಸೇರಿಹೋಗುವುದೆಂದು ತೂಗಿ ತೋರಿಸಿದನು. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಕ್ಯಾಲ್ವಿನನೂ ಬೆನ್ಸನನೂ ಅವರ ಜೊತೆಗಾರರೂ ವಿಕಿರಣವುಳ್ಳ ಇಂಗಾಲವನ್ನು ಪಾಚಿಗೆ ಉಣಿಸಿ, ಅದು ಯಾವ ಯಾವ ವಸ್ತುವಾಗಿ ಮಾರ್ಪಡುವುದೆಂಬುದನ್ನು ಹಂತಹಂತವಾಗಿ ಕಂಡರು. ೧೯೬೧ರಲ್ಲಿ ಕ್ಯಾಲ್ವಿನನಿಗೆ ನೊಬೆಲ್ ಪಾರಿತೋಷಕವು ಬಂದಿತು.

ಈ ಕಾರ್ಯದ ಮುಖ್ಯ ಕೆಲಸಗಾರನು ಎಲೆಯೊಳಗಿನ ಒಂದು ಕಿಣ್ವ. ಜೀವಕೋಶಗಳಲ್ಲಿ ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸುವ ವಸ್ತುವಿಗೆ ಕಿಣ್ವವೆಂದು ಹೆಸರು. ಎಲೆಯ ಈ ಕಿಣ್ವಕ್ಕೆ ೧೯೭೯ರಿಂದ ರುಬಿಸ್ಕೋ ಎಂಬ ಚಿಕ್ಕ ಹೆಸರಿದೆ. ಐದು ಇಂಗಾಲದ ಪರಮಾಣುಗಳುಳ್ಳ ಒಂದು ಸಕ್ಕರೆಗೆ ಇಂಗಾಲಾಮ್ಲ ವಾಯುವಿನ ಒಂದು ಅಣುವನ್ನು ಇದು ಸೇರಿಸುವುದು; ಕೂಡಲೇ ಅದು ಮೂರು ಮೂರು ಪರಮಾಣುಗಳುಳ್ಳ ಎರಡು ತುಂಡುಗಳಾಗುವುದು. ನಮ್ಮ ಅನ್ನ, ಬಟ್ಟೆ, ಸೌದೆಗಳ ಇಂಗಾಲವು ಬಹುಪಾಲು ಈ ಬಾಗಿಲಿನಿಂದಲೇ ಬಂದುದು. ಆದರೆ ಇದು ಬಹಳ ಮಂದಗತಿಯದು; ಕ್ಷಣಕ್ಕೆ, ಎಂದರೆ ಒಂದು ಸೆಕೆಂಡಿಗೆ, ಕೆಲವೇ ಅಣುಗಳನ್ನು ಸೇರಿಸಬಲ್ಲದು. ಆದುದರಿಂದಲೇ ಗಿಡಗಳು ಇದನ್ನು ಎಲೆಗಳಲ್ಲಿ ರಾಶಿರಾಶಿಯಾಗಿ ತುಂಬಿಕೊಂಡಿವೆ. ಅಲ್ಲದೆ ಇದು ತಪ್ಪನ್ನೂ ಮಾಡುವುದು: ಇಂಗಾಲಾಮ್ಲ ವಾಯುವಿಗೆ ಬದಲಾಗಿ ಆಗಾಗ ಆಮ್ಲಜನಕವನ್ನು ಹಿಡಿಯುವುದು. ಬಿಸಿಲು ಹೆಚ್ಚಿದಷ್ಟೂ ಈ ತಪ್ಪು ಹೆಚ್ಚು. ಪ್ರೀಸ್ಟ್ಲಿಯು ತನ್ನ ಗಾಜಿನ ಪಾತ್ರೆಗಳಲ್ಲಿ ಬೇರೆಬೇರೆಯಾಗಿ ಹಿಡಿದ ಆ ಎರಡು ವಾಯುಗಳನ್ನು ಎಲೆಯು ಇಂದಿಗೂ ಸಂಪೂರ್ಣವಾಗಿ ಬೇರ್ಪಡಿಸಲು ಕಲಿತಿಲ್ಲ.

ಕೆಲವು ಸಸ್ಯಗಳು ಇದಕ್ಕೆ ಉಪಾಯವನ್ನು ಮಾಡಿಕೊಂಡಿವೆ. ಇವು ಬೇರೊಂದು ಕಿಣ್ವದಿಂದ ಮೊದಲು ಇಂಗಾಲವನ್ನು ಹಿಡಿದು, ಎಲೆಯ ಒಳಕೋಶಗಳಲ್ಲಿರುವ ರುಬಿಸ್ಕೋವಿನ ಬಳಿಗೆ ತಂದು ಗುಡ್ಡೆಹಾಕುವುವು. ಆ ಮೊದಲನೆಯ ಕಿಣ್ವವು ಆಮ್ಲಜನಕಕ್ಕೆ ಮರುಳಾಗುವುದಿಲ್ಲ. ಆಸ್ಟ್ರೇಲಿಯದ ಹ್ಯಾಚ್, ಸ್ಲ್ಯಾಕ್ ಎಂಬ ವಿಜ್ಞಾನಿಗಳು ೧೯೬೬ರಲ್ಲಿ ಕಬ್ಬಿನಲ್ಲಿ ಇದನ್ನು ವಿವರಿಸಿದರು. ನಮ್ಮ ಬಯಲುಸೀಮೆಯ ರಾಗಿ, ಜೋಳ, ಸಜ್ಜೆಗಳೂ ಈ ಜಾತಿಯವೇ. ಭತ್ತವೂ ಗೋಧಿಯೂ ಅಲ್ಲ. ಬಿಸಿಲಿನಲ್ಲಿ ಸ್ವಲ್ಪ ನೀರಿನಿಂದಲೇ ರಾಗಿಯು ಬೆಳೆಯುವುದಕ್ಕೆ ಇದು ಒಂದು ಮುಖ್ಯ ಕಾರಣ.

ಇಂದು ಈ ಜ್ಞಾನವು ಬರಿಯ ಕುತೂಹಲದ ವಿಷಯವಲ್ಲ. ವಾಟನ ಕಾಲದಲ್ಲಿ ಲಕ್ಷ ಭಾಗ ಗಾಳಿಯಲ್ಲಿ ಸುಮಾರು ೨೮ ಭಾಗವಿದ್ದ ಇಂಗಾಲಾಮ್ಲ ವಾಯುವು ಈಗ ೪೨ ಭಾಗವನ್ನು ಮೀರಿ, ಭೂಮಿಯು ಕಾಯುತ್ತಿದೆ. ಆದಕಾರಣ ವಿಜ್ಞಾನಿಗಳು ಇಂಗಾಲವನ್ನು ಹಿಡಿಯುವ ಕಿಣ್ವಗಳನ್ನು ಕೆಲಸಕ್ಕೆ ಹಚ್ಚಲು ಪ್ರಯತ್ನಿಸುತ್ತಿದ್ದಾರೆ. ೨೦೧೪ರಲ್ಲಿ ನೀಲಿಹಸುರು ಪಾಚಿಯ ವೇಗವಾದ ರುಬಿಸ್ಕೋವನ್ನು ಹೊಗೆಸೊಪ್ಪಿನ ಗಿಡದಲ್ಲಿ ಸೇರಿಸಿದರು. ರುಬಿಸ್ಕೋವಿನ ತಪ್ಪಿನಿಂದಾಗುವ ನಷ್ಟವನ್ನು ಕಡಿಮೆಮಾಡುವ ಅಡ್ಡದಾರಿಯೊಂದನ್ನು ಹೊಗೆಸೊಪ್ಪಿನ ಗಿಡಕ್ಕೆ ಕಲ್ಪಿಸಿ, ಹೊಲದ ಪರೀಕ್ಷೆಯಲ್ಲಿ ಬೆಳವಣಿಗೆಯು ಸುಮಾರು ನೂರಕ್ಕೆ ೪೦ರಷ್ಟು ಹೆಚ್ಚಿತೆಂದು ೨೦೧೯ರಲ್ಲಿ ಪ್ರಕಟಿಸಿದರು. ಜರ್ಮನಿಯ ಮಾರ್ಬುರ್ಗ್‌ನಲ್ಲಿ ೨೦೧೬ರಲ್ಲಿ, ಹದಿನೇಳು ಕಿಣ್ವಗಳನ್ನು ಒಂದುಗೂಡಿಸಿ, ರುಬಿಸ್ಕೋವಿಲ್ಲದೆಯೇ ಪರೀಕ್ಷಾನಾಳದಲ್ಲಿ ಇಂಗಾಲವನ್ನು ಹಿಡಿದರು. ನಮ್ಮ ರಕ್ತದಲ್ಲಿಯೂ ಒಂದು ಕಿಣ್ವವಿದೆ. ಅದು ಇಂಗಾಲಾಮ್ಲ ವಾಯುವನ್ನು ಅತಿ ವೇಗದಿಂದ ನೀರಿನಲ್ಲಿ ಕೂಡಿಸುವುದು. ಕೇಂಬ್ರಿಜ್‌ನಲ್ಲಿ ೧೯೩೩ರಲ್ಲಿ ಗುರುತಿಸಿದ ಅದನ್ನು ಕಾರ್ಖಾನೆಗಳ ಹೊಗೆಯಿಂದ ಈ ವಾಯುವನ್ನು ಬೇರ್ಪಡಿಸಲು ಉಪಯೋಗಿಸಿ ನೋಡುತ್ತಿದ್ದಾರೆ. ಇವು ಕಾಡುಗಳಿಗೆ ಬದಲಾಗಿ ನಿಲ್ಲತಕ್ಕವುಗಳಲ್ಲ. ಆದರೆ ಬಡವನ ಹೊಲದ ಪೈರನ್ನು ಹೆಚ್ಚಿಸುವ ನಿರೀಕ್ಷೆಯು ಇವುಗಳಲ್ಲುಂಟು.

ಪ್ರೀಸ್ಟ್ಲಿಯು ಕಂಡುದೆಲ್ಲವೂ ಪೂರ್ಣವಲ್ಲ, ನಂಬಿದುದೆಲ್ಲವೂ ಸರಿಯಲ್ಲ. ಆದರೆ ಕಂಡುದನ್ನು ಅವನು ಬಚ್ಚಿಡಲಿಲ್ಲ, ನಂಬದುದನ್ನು ನಂಬಿದೆನೆಂದು ಹೇಳಲಿಲ್ಲ. ವೈದ್ಯನೊಬ್ಬನೂ ಸಭಾಪಾಲಕನೊಬ್ಬನೂ ಅವನ ಕೊರತೆಯನ್ನು ತುಂಬಲು ಸಾಧ್ಯವಾದುದು ಅದರಿಂದಲೇ. ನಮ್ಮ ಹೆಣ್ಣುಮಕ್ಕಳಲ್ಲಿ ಮುಂದಿನ ಕೊರತೆಯನ್ನು ತುಂಬುವವರು ಇಲ್ಲವೆಂದು ಯಾರು ಹೇಳಬಲ್ಲರು? ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ನಿಮ್ಮ ಮಗಳು ಕೆರೆಯ ನೀರಿನೊಳಗಿನ ಒಂದು ಹಸುರು ಬಳ್ಳಿಯನ್ನು ತಂದು, ಗಾಜಿನ ಲೋಟದಲ್ಲಿಟ್ಟು, ಬಿಸಿಲಿಗೆ ಹಿಡಿದು ಗುಳ್ಳೆಗಳನ್ನು ಎಣಿಸುತ್ತ ಕುಳಿತರೆ, ಕೆಲಸವಿಲ್ಲದ ಕೆಲಸವೆಂದು ಗದರಬೇಡಿರಿ. ಲೋಟವನ್ನು ನೆರಳಿಗೆ ಸರಿಸಿದರೆ ಏನಾಗುವುದೆಂದು ನೀವೂ ಅವಳ ಪಕ್ಕದಲ್ಲಿ ಕುಳಿತು ನೋಡಿರಿ.